ಗಡಸುತನವೊಂದೇ ಸಾಲದು: ಹಾರುವ ಕಣಗಳಿಂದ ಮಿಶ್ರಲೋಹಗಳು ಸವೆಯುವ ಬಗೆ

(ಉಪನ್ಯಾಸದ ಬರಹ ರೂಪ)

ಸಭಿಕರೇ, ಮಾತು ಆರಂಭಿಸುವ ಮೊದಲು ಈ ಮೇಜಿನ ಮೇಲಿರುವ ವಸ್ತುವನ್ನು ಒಮ್ಮೆ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಇದು ಗಾಳಿಯ ರಭಸದಿಂದ ಮರಳನ್ನು ಸಾಗಿಸುವ ಪೈಪ್‌ಲೈನ್ ಒಂದರಿಂದ ಕಳಚಿ ತಂದ ಉಕ್ಕಿನ ಬೆಂಡ್, ಎಂದರೆ ಮಾರ್ಗ ತಿರುಗುವಲ್ಲಿ ಹಾಕುವ ಬಾಗಿದ ಕೊಳವೆ. ಉದ್ದಕ್ಕೆ ಸೀಳಿಸಿ ಎರಡು ಹೋಳು ಮಾಡಿಸಿದ್ದೇನೆ. ಹೊರಗಿನಿಂದ ನೋಡಿದರೆ ಬಳಿದ ಬಣ್ಣವೂ ಮಾಸದ, ಗಟ್ಟಿಮುಟ್ಟಾದ ಕೊಳವೆಯಂತೆಯೇ ಇದೆ. ಬಾಗಿನ ಹೊರಮೈಯಲ್ಲಿ ಹೆಬ್ಬೆರಳು ತೂರುವಷ್ಟು ತೂತೊಂದು ಮಾತ್ರ ಬಿದ್ದಿದೆ. ತೂತಿನ ಅಂಚು ಕಾಗದದಷ್ಟು ತೆಳುವಾಗಿದ್ದರೆ, ಅಲ್ಲಿಂದ ನಾಲ್ಕು ಬೆರಳು ಆಚೆಗೆ ಗೋಡೆಯ ದಪ್ಪ ಹೊಸ ಕೊಳವೆಯಲ್ಲಿ ಇದ್ದಷ್ಟೇ ಇದೆ. ಒಳಮೈಯ ಮೇಲೆ ಬೆರಳಾಡಿಸಿದರೆ ಹರಿವಿಗೆ ಅಡ್ಡಲಾಗಿ ಎದ್ದ ಸಣ್ಣ ಸಣ್ಣ ಅಲೆಗಳು ಕೈಗೆ ತಾಗುತ್ತವೆ. ಗಾಳಿ ಬೀಸಿದ ಮರಳುದಿಣ್ಣೆಯ ಮೇಲಿನ ಅಲೆಗಳನ್ನು ಇವು ನೆನಪಿಸುತ್ತವೆ. ಆದರೆ ಇಲ್ಲಿ ಅಲೆಯೆದ್ದಿರುವುದು ಮರಳಲ್ಲ, ಉಕ್ಕು.

ಈ ಬೆಂಡ್ ತೂತುಬಿದ್ದಾಗ ಅಲ್ಲಿದ್ದವರೆಲ್ಲರಿಗೂ ಹೊಳೆದ ಪರಿಹಾರ ಒಂದೇ: ಇನ್ನೂ ಗಡಸಾದ ಉಕ್ಕನ್ನು ಹಾಕೋಣ. ನಾನೂ ಆಗ ಹಾಗೆಯೇ ಯೋಚಿಸಿದೆ. ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಹದ ಕೊಟ್ಟ ಉಕ್ಕಿನ ಬೆಂಡ್ ಒಂದನ್ನು ಹೆಚ್ಚು ಹಣ ಕೊಟ್ಟು ಮಾಡಿಸಿ ಕೂರಿಸಲಾಯಿತು. ಅದರ ಗಡಸುತನ ಹಳೆಯದರ ಮೂರರಷ್ಟಿತ್ತು. ಬಾಳಿಕೆ ಮಾತ್ರ ಹೆಚ್ಚು ಕಡಿಮೆ ಹಳೆಯದರಷ್ಟೇ ಆಯಿತು. ಗಡಸು ವಸ್ತು ಕಡಿಮೆ ಸವೆಯಬೇಕೆಂಬುದು ಚಾಕು, ಉಳಿ, ಅರಗಳನ್ನು ಬಳಸುವ ಎಲ್ಲರ ಅನುಭವ. ಆ ಅನುಭವ ಈ ಕೊಳವೆಯೊಳಗೆ ಏಕೆ ಸುಳ್ಳಾಯಿತು ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಇಂದು ಮಾತನಾಡುತ್ತೇನೆ.

ವಿಷಯದ ಮೇರೆಯನ್ನು ಮೊದಲು ಗುರುತಿಸಿಕೊಳ್ಳೋಣ. ಗಾಳಿ, ಉಗಿ ಅಥವಾ ಬೇರಾವುದೋ ಅನಿಲದ ಜೊತೆ ಹಾರಿ ಬರುವ ಗಟ್ಟಿ ಕಣಗಳು ಲೋಹದ ಮೈಗೆ ಬಡಿದು, ಅದರಿಂದ ಚೂರು ಚೂರಾಗಿ ಲೋಹವನ್ನು ಕಿತ್ತೊಯ್ಯುವುದನ್ನು ಘನ ಕಣಗಳ ಕೊರೆತ ಎನ್ನುತ್ತೇವೆ. ಇದು ತುಕ್ಕಲ್ಲ, ಏಕೆಂದರೆ ಇಲ್ಲಿ ರಾಸಾಯನಿಕ ಕ್ರಿಯೆ ಅನಿವಾರ್ಯವಲ್ಲ. ಎರಡು ಮೈಗಳ ನಡುವೆ ಸಿಕ್ಕಿದ ಮರಳು ಉಜ್ಜಿ ಮಾಡುವ ಸವೆತವೂ ಅಲ್ಲ, ಏಕೆಂದರೆ ಇಲ್ಲಿ ಕಣವನ್ನು ಹಿಂದಿನಿಂದ ಒತ್ತಿ ಹಿಡಿಯುವವರು ಯಾರೂ ಇಲ್ಲ. ತಾನು ಹೊತ್ತು ತಂದ ಚಲನಶಕ್ತಿಯಷ್ಟೇ ಆ ಕಣದ ಬಂಡವಾಳ. ಅದು ಮುಗಿದ ಕೂಡಲೇ ಕಣ ಪುಟಿದು ಹೋಗುತ್ತದೆ. ಮುಂದಿನ ಮಾತೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಆ ಬಂಡವಾಳ ಎಷ್ಟೆಂದು ಲೆಕ್ಕ ಹಾಕಿ ನೋಡಬಹುದು. 100 ಮೈಕ್ರಾನ್, ಎಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗ ಅಡ್ಡಳತೆಯ ಕ್ವಾರ್ಟ್ಸ್ ಮರಳಿನ ಕಣವೊಂದನ್ನು ತೆಗೆದುಕೊಳ್ಳೋಣ. ಅದರ ತೂಕ ಸುಮಾರು 1.4 ಮೈಕ್ರೋಗ್ರಾಂ. ಒಂದು ಕಿಲೋಗ್ರಾಂ ಮರಳಿನಲ್ಲಿ ಇಂಥ ಎಪ್ಪತ್ತು ಕೋಟಿ ಕಣಗಳಿರುತ್ತವೆ. ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಬರುವ ಅಂಥ ಕಣದ ಚಲನಶಕ್ತಿ ಒಂದು ಜೂಲ್‌ನ ಹತ್ತು ಲಕ್ಷದಲ್ಲಿ ಏಳು ಪಾಲು. ಅದು ಲೋಹವನ್ನು ಮುಟ್ಟಿ ನಿಲ್ಲಲು ಹಿಡಿಯುವ ಕಾಲ ಸೆಕೆಂಡಿನ ಕೋಟಿಯಲ್ಲಿ ಒಂದು ಪಾಲಿನ ಆಸುಪಾಸು. ಶಕ್ತಿ ಅತ್ಯಲ್ಪವೇ, ಆದರೆ ಅದು ಖರ್ಚಾಗುವ ಜಾಗವೂ ಕಾಲವೂ ಅದಕ್ಕಿಂತ ಅಲ್ಪವಾಗಿರುವುದರಿಂದ, ಬಡಿದ ಆ ಒಂದು ಚುಕ್ಕೆಯಲ್ಲಿ ಉಕ್ಕು ತನ್ನ ತಾಳಿಕೆಯ ಮಿತಿಯನ್ನು ಮೀರಿ ಒತ್ತಿಸಿಕೊಳ್ಳುತ್ತದೆ.

ಈ ಶಾಸ್ತ್ರದಲ್ಲಿ ಸವೆತವನ್ನು ಅಳೆಯುವ ಮಾನ ಸರಳವಾದದ್ದು: ಬಡಿದ ಕಣಗಳ ಒಟ್ಟು ತೂಕಕ್ಕೆ ಕಳೆದುಹೋದ ಲೋಹದ ತೂಕ ಎಷ್ಟು ಎಂಬುದು. ಕಿಲೋಗ್ರಾಂ ಮರಳಿಗೆ 100 ಮಿಲಿಗ್ರಾಂ ಉಕ್ಕು ಹೋಯಿತೆಂದರೆ ಅನುಪಾತ ಹತ್ತು ಸಾವಿರಕ್ಕೆ ಒಂದು. ಈ ಅನುಪಾತವನ್ನೇ ನಮ್ಮ ಕಣಕ್ಕೆ ಅನ್ವಯಿಸಿದರೆ, ಒಂದೊಂದು ಬಡಿತಕ್ಕೆ ಹೋಗುವ ಉಕ್ಕು ಸರಾಸರಿ 18 ಘನ ಮೈಕ್ರಾನ್, ಎಂದರೆ ಬದಿಗೆ ಎರಡೂವರೆ ಮೈಕ್ರಾನಿನ ಒಂದು ಪುಟ್ಟ ಘನ. ಇನ್ನೊಂದು ಲೆಕ್ಕವನ್ನು ಇದರ ಪಕ್ಕದಲ್ಲಿ ಇಡಿ. ಕಣ ತಂದ ಶಕ್ತಿಯನ್ನು ಮೆದು ಉಕ್ಕಿನ ಗಡಸುತನದಿಂದ ಭಾಗಿಸಿದರೆ, ಆ ಬಡಿತ ಎಷ್ಟು ದೊಡ್ಡ ಕುಳಿ ತೋಡಬಲ್ಲದೆಂಬ ಅಂದಾಜು ಸಿಗುತ್ತದೆ: ಸುಮಾರು 4,600 ಘನ ಮೈಕ್ರಾನ್. ಅಷ್ಟು ವೇಗದ ಬಡಿತಕ್ಕೆ ಉಕ್ಕು ಇನ್ನಷ್ಟು ಗಟ್ಟಿಯಾಗಿ ವರ್ತಿಸುತ್ತದೆಂದು ಅದನ್ನು ಅರ್ಧಕ್ಕಿಳಿಸಿದರೂ, ಸ್ಥಳ ಬಿಟ್ಟು ಕದಲಿದ ಲೋಹ ಕಳೆದುಹೋದ ಲೋಹದ ನೂರು ಪಟ್ಟಿಗಿಂತ ಹೆಚ್ಚು. ನೂರು ಪಾಲು ಲೋಹ ಅತ್ತಿತ್ತ ಸರಿದರೆ ಹೋಗುವುದು ಒಂದು ಪಾಲೂ ಅಲ್ಲ. ಈ ಲೆಕ್ಕವನ್ನು ಮೊದಲ ಸಲ ಕಾಗದದ ಮೇಲೆ ಹಾಕಿದಾಗ ನನ್ನ ಯೋಚನೆಯ ದಿಕ್ಕೇ ಬದಲಾಯಿತು. ಕಣ ಲೋಹವನ್ನು ಕತ್ತರಿಸುತ್ತದೆ ಎಂದುಕೊಂಡಿದ್ದೆ. ನಿಜವಾಗಿ ಅದು ಲೋಹವನ್ನು ಬಹುಮಟ್ಟಿಗೆ ನಾದುತ್ತದೆ.

ಕತ್ತರಿಸುವ ಚಿತ್ರವೂ ಪೂರ್ತಿ ತಪ್ಪೇನಲ್ಲ. ಈ ಶಾಸ್ತ್ರದ ತಳಪಾಯವೇ ಆ ಚಿತ್ರ. ಐಯನ್ ಫಿನ್ನಿ ಅವರು 1960ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಮೊನೆಯುಳ್ಳ ಕಣವೊಂದು ಲೋಹದ ಮೈಗೆ ಓರೆಯಾಗಿ ಬಂದು, ಲೇತ್ ಯಂತ್ರದ ಉಳಿಯ ಹಾಗೆ ಒಂದು ಸಿಪ್ಪೆಯನ್ನು ಎಬ್ಬಿಸಿ ಹೊರಡುತ್ತದೆಂದು ಭಾವಿಸಿ, ಅದರ ಚಲನೆಯ ಸಮೀಕರಣವನ್ನು ಬಿಡಿಸಿ ತೋರಿಸಿದರು. ಮೈಗೆ ತೀರಾ ಸಮಾನಾಂತರವಾಗಿ ಬಂದ ಕಣ ಒಳಗೆ ಇಳಿಯುವುದೇ ಇಲ್ಲ. ತೀರಾ ನೇರವಾಗಿ ಬಂದದ್ದು ಇಳಿದರೂ ಮುಂದಕ್ಕೆ ಸರಿಯುವುದಿಲ್ಲ. ಎರಡಕ್ಕೂ ನಡುವೆ, ಮೈಯಿಂದ ಅಳೆದರೆ 20ರಿಂದ 30 ಡಿಗ್ರಿಯ ಆಸುಪಾಸಿನಲ್ಲಿ ಬಂದದ್ದು ಇಳಿದು ಸರಿದು ಅತಿ ಹೆಚ್ಚು ಲೋಹವನ್ನು ತೆಗೆಯುತ್ತದೆ. ಉಕ್ಕು, ಅಲ್ಯೂಮಿನಿಯಂ, ತಾಮ್ರ, ನಿಕ್ಕಲ್ ಮಿಶ್ರಲೋಹಗಳು, ಹೀಗೆ ಮುರಿಯದೆ ಬಾಗುವ ಎಲ್ಲ ಲೋಹಗಳಲ್ಲೂ ಅತಿ ಹೆಚ್ಚು ಸವೆತದ ಈ ತುದಿ ಅದೇ ಜಾಗದಲ್ಲಿ ಕಾಣುತ್ತದೆ. ಗಾಜು, ಸೆರಾಮಿಕ್ ಮುಂತಾದ ಪೆಡಸು ವಸ್ತುಗಳಲ್ಲಿ ಹೀಗಲ್ಲ. ಅವು ಬಾಗಲಾರವು, ಬಿರಿಯುತ್ತವೆ. ನೇರ ಹೊಡೆತಕ್ಕೆ ಬಿರುಕು ಆಳಕ್ಕಿಳಿಯುವುದರಿಂದ 90 ಡಿಗ್ರಿಯಲ್ಲೇ ಅವುಗಳ ಸವೆತ ಅತಿ ಹೆಚ್ಚು.

ಈಗ ನಮ್ಮ ಬೆಂಡಿನ ಕಡೆಗೆ ಒಮ್ಮೆ ತಿರುಗೋಣ. ಗಾಳಿ ಬಾಗಿನಲ್ಲಿ ತಿರುಗಿದರೂ ಭಾರದ ಕಣ ತನ್ನ ದಾರಿಯಲ್ಲೇ ನೇರವಾಗಿ ಸಾಗಿ ಹೊರಗೋಡೆಗೆ ಬಡಿಯುತ್ತದೆ. ಈ ಬೆಂಡಿನ ಮಧ್ಯರೇಖೆಯ ತ್ರಿಜ್ಯ ಕೊಳವೆಯ ವ್ಯಾಸದ ಐದರಷ್ಟಿದೆ. ಕೊಳವೆಯ ನಡುವಿನಲ್ಲಿ ಬರುತ್ತಿದ್ದ ಕಣ ಗೋಡೆಯನ್ನು ಮೊದಲು ಮುಟ್ಟುವ ಕೋನ ಸರಳ ಜ್ಯಾಮಿತಿಯಿಂದಲೇ ಸಿಗುತ್ತದೆ: ಸುಮಾರು 25 ಡಿಗ್ರಿ. ಕಣಗಳು ಸಲೀಸಾಗಿ ತಿರುಗಲೆಂದು ವಿಶಾಲವಾಗಿ ಬಾಗಿಸಿದ ಬೆಂಡ್, ಉಕ್ಕು ಅತ್ಯಂತ ದುರ್ಬಲವಾಗಿರುವ ಕೋನವನ್ನೇ ಕಣಗಳಿಗೆ ಒದಗಿಸಿಕೊಟ್ಟಿತ್ತು. ತೂತು ಅಲ್ಲಿಯೇ ಬಿದ್ದದ್ದು ಕಾಕತಾಳೀಯವಲ್ಲ. ಅಲೆಗಳೂ ಇದೇ ಕಥೆಯನ್ನು ಹೇಳುತ್ತವೆ. ಬಾಗುವ ಲೋಹದ ಮೇಲೆ ಓರೆ ಕೋನದ ಬಡಿತ ಬಹಳ ಕಾಲ ನಡೆದಾಗ ಇಂಥ ಅಲೆಗಳು ಏಳುತ್ತವೆಂಬುದನ್ನು ಫಿನ್ನಿ ಮತ್ತು ಅವರ ಸಹೋದ್ಯೋಗಿಗಳು 1960ರ ದಶಕದಲ್ಲೇ ವಿವರಿಸಿದ್ದರು.

ಫಿನ್ನಿಯವರ ಸಮೀಕರಣ ಒಂದು ಕಡೆ ಎಡವುತ್ತದೆ. ಅದರ ಪ್ರಕಾರ 90 ಡಿಗ್ರಿಯಲ್ಲಿ ಸವೆತ ಸೊನ್ನೆಯಾಗಬೇಕು. ಪ್ರಯೋಗದಲ್ಲಿ ಹಾಗಾಗುವುದಿಲ್ಲ, ತುದಿಯಲ್ಲಿ ಸಿಗುವ ಸವೆತಕ್ಕಿಂತ ಕಡಿಮೆಯಾದರೂ ಗಣನೀಯವಾದ ಸವೆತ ಅಲ್ಲಿಯೂ ಇರುತ್ತದೆ. 1963ರಲ್ಲಿ ಬಿಟ್ಟರ್ ಎಂಬವರು ಇದನ್ನು ಸರಿಪಡಿಸಲು, ಕತ್ತರಿಕೆಯಿಂದಾಗುವ ಸವೆತಕ್ಕೆ ಪದೇ ಪದೇ ಜಜ್ಜುವುದರಿಂದಾಗುವ ಸವೆತವನ್ನು ಕೂಡಿಸಿದರು. ಲೆಕ್ಕ ಹೊಂದಿತು; ಆದರೆ ಜಜ್ಜಿದ ಲೋಹ ಹೇಗೆ ಕಳಚಿಕೊಳ್ಳುತ್ತದೆ ಎಂಬುದು ಇನ್ನೂ ಕಣ್ಣಿಗೆ ಕಂಡಿರಲಿಲ್ಲ. ಅದನ್ನು ತೋರಿಸಿದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ.

ಹಸಿ ಜೇಡಿಮಣ್ಣಿನ ಮೇಲೆ ಹಿಮ್ಮಡಿಯೂರಿ ಒತ್ತಿದವರಿಗೆ ಗೊತ್ತಿದೆ: ಒತ್ತಿದಷ್ಟೂ ಮಣ್ಣು ಪಕ್ಕಕ್ಕೆ ಸರಿದು ಹಿಮ್ಮಡಿಯ ಸುತ್ತ ತುಟಿಯ ಹಾಗೆ ಏಳುತ್ತದೆ. ಕಣ ಬಡಿದ ಲೋಹದಲ್ಲೂ ಕುಳಿಯ ಅಂಚಿಗೆ ಇಂಥ ತುಟಿ ಏಳುತ್ತದೆ. 1974ರಲ್ಲಿ ವಿಂಟರ್ ಮತ್ತು ಹಚಿಂಗ್ಸ್ ಅವರು ಲೋಹದ ಮೇಲೆ ಒಂದೇ ಒಂದು ಮೊನೆಕಣವನ್ನು ಹಾರಿಸಿ ಅದು ಬಿಟ್ಟ ಗುರುತನ್ನು ಪರಿಶೀಲಿಸಿದರು. ಕಣದ ಮೊನೆ ಯಾವ ಓರೆಯಲ್ಲಿ ಲೋಹವನ್ನು ಮುಟ್ಟುತ್ತದೆ ಎಂಬುದರ ಮೇಲೆ, ಕೆಲವು ಸಲ ಲೋಹ ಬರಿದೇ ಉಳುಮೆಯಾಗಿ ತುಟಿಯೆದ್ದು ನಿಲ್ಲುತ್ತದೆ. ಕೆಲವು ಸಲ ಮಾತ್ರ ಸಿಪ್ಪೆ ಹೊರಬೀಳುತ್ತದೆ. ಗಾಳಿಯಲ್ಲಿ ಹೊರಳುತ್ತ ಬರುವ ಕೋಟಿ ಕೋಟಿ ಕಣಗಳಲ್ಲಿ ಸರಿಯಾದ ಓರೆಯಲ್ಲಿ ಬಂದು ಕತ್ತರಿಸುವವು ಕೆಲವೇ, ಮಿಕ್ಕವು ಉಳುತ್ತವೆ. ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಅಲನ್ ಲೆವಿ ಮತ್ತು ಅವರ ಜೊತೆಗಾರರು ಒಂದೇ ಚುಕ್ಕೆಯ ಮೇಲೆ ಕಣ್ಣಿಟ್ಟು, ಒಂದು ಬಡಿತದಲ್ಲಿ ಎದ್ದ ತುಟಿಯನ್ನು ಮುಂದಿನ ಬಡಿತಗಳು ತಟ್ಟಿ ತಟ್ಟಿ ತೆಳು ಹಾಳೆಯಂತೆ ಹರಡುವುದನ್ನೂ, ಇನ್ನು ಹರಡಲಾರದ ಹಂತದಲ್ಲಿ ಆ ಹಾಳೆ ಮುರಿದು ಉದುರುವುದನ್ನೂ ಚಿತ್ರಗಳಲ್ಲಿ ಹಿಡಿದರು. ಸಣ್ಣ ಸುತ್ತಿಗೆಯಿಂದ ತಗಡು ತಟ್ಟುವ ಕೆಲಸವೇ ಇದು. ಒಂದು ಚೂರು ಲೋಹ ಕಳಚಿಕೊಳ್ಳಬೇಕಾದರೆ ಅದು ಹಲವು ಬಡಿತಗಳನ್ನು ತಿಂದಿರಬೇಕು. ನಾನು ಆಗ ಹಾಕಿದ ಲೆಕ್ಕಕ್ಕೆ ಇದೇ ಅರ್ಥ.

ಇಲ್ಲಿಗೆ ಗಡಸುತನದ ಪ್ರಶ್ನೆಯನ್ನು ಎತ್ತಿಕೊಳ್ಳಬಹುದು.

ಹದ ಕೊಡದ ಶುದ್ಧ ಲೋಹಗಳನ್ನು ಸಾಲಾಗಿ ಇಟ್ಟು ಪರೀಕ್ಷಿಸಿದರೆ, ಗಡಸುತನ ಏರಿದಂತೆ ಕೊರೆತ ತಗ್ಗುವುದು ಸ್ಪಷ್ಟವಾಗಿ ಕಾಣುತ್ತದೆ. ಸೀಸ ಬೇಗ ಸವೆಯುತ್ತದೆ, ಟಂಗ್‌ಸ್ಟನ್ ನಿಧಾನವಾಗಿ. ಆದರೆ ಒಂದೇ ಉಕ್ಕನ್ನು ಕಾಯಿಸಿ ತಣಿಸಿ ಎರಡು ಪಟ್ಟು, ಮೂರು ಪಟ್ಟು ಗಡಸು ಮಾಡಿದಾಗ, ಅಥವಾ ಒಂದು ಲೋಹವನ್ನು ತಣ್ಣಗಿರುವಾಗಲೇ ಬಡಿದು ಗಟ್ಟಿ ಮಾಡಿದಾಗ, ಕೊರೆತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ. ಫಿನ್ನಿ, ವೊಲಾಕ್ ಮತ್ತು ಕಬೀಲ್ ಅವರು 1967ರಲ್ಲಿ ಇದನ್ನು ಬರೆದರು. ಆಮೇಲೆ ನಡೆದ ಪ್ರಯೋಗಗಳೂ ಮತ್ತೆ ಮತ್ತೆ ಇದನ್ನೇ ಹೇಳಿವೆ. ದುಬಾರಿ ಕೋಬಾಲ್ಟ್ ಮತ್ತು ನಿಕ್ಕಲ್ ಮಿಶ್ರಲೋಹಗಳನ್ನು ಸಾಧಾರಣ ಉಕ್ಕಿನ ಪಕ್ಕದಲ್ಲಿಟ್ಟು ನೋಡಿದಾಗಲೂ, ಅವುಗಳ ಬಲದಲ್ಲಿರುವ ದೊಡ್ಡ ಅಂತರ ಕೊರೆತದಲ್ಲಿ ಕಾಣಿಸುವುದಿಲ್ಲ.

ಕಾರಣಗಳು ಎರಡೆಂದು ನಾನು ತಿಳಿಯುತ್ತೇನೆ. ಮೊದಲನೆಯದು ಕಣದ್ದು. ಮೆದು ಉಕ್ಕಿನ ಗಡಸುತನ ವಿಕರ್ಸ್ ಮಾನದಲ್ಲಿ 120ರಿಂದ 150. ಚೆನ್ನಾಗಿ ಹದಗೊಂಡ ಹೆಚ್ಚು ಇಂಗಾಲದ ಉಕ್ಕಿನದು 800ರ ಹತ್ತಿರ. ಕ್ವಾರ್ಟ್ಸ್ ಮರಳಿನದು ಸುಮಾರು 1100. ಕಣದ ಗಡಸುತನ ಲೋಹದ್ದಕ್ಕಿಂತ ಸುಮಾರು 1.2 ಪಟ್ಟು ಮೀರಿತೆಂದರೆ, ಅದು ತಾನು ಒಡೆಯದೆ ಲೋಹದೊಳಗೆ ಮೊನೆಯೂರಬಲ್ಲದು. ಅಲ್ಲಿಂದಾಚೆಗೆ ಅದು ಇನ್ನೆಷ್ಟು ಗಡಸು ಎಂಬುದು ಹೆಚ್ಚು ಲೆಕ್ಕಕ್ಕೆ ಬರುವುದಿಲ್ಲ. ಮರಳಿನ ಕಣಕ್ಕೆ ನಮ್ಮ ಹಳೆಯ ಬೆಂಡೂ ಮೆದು, ಹೊಸ ಬೆಂಡೂ ಮೆದು.

ಎರಡನೆಯ ಕಾರಣ ಇನ್ನೂ ಆಳದ್ದು, ಮತ್ತು ನನ್ನ ಮಟ್ಟಿಗೆ ಈ ಇಡೀ ವಿಷಯದ ತಿರುಳು ಅದೇ. ಗಡಸುತನ ಅಳೆಯುವ ಯಂತ್ರ ಲೋಹವನ್ನು ನಿಧಾನವಾಗಿ, ಒಮ್ಮೆ ಮಾತ್ರ ಒತ್ತುತ್ತದೆ. ಕೊರೆತಕ್ಕೆ ಸಿಕ್ಕ ಮೈಯ ಮೇಲ್ಪದರವಾದರೋ ಸಾವಿರ ಸಲ ಜಜ್ಜಿಸಿಕೊಂಡು, ತಾನು ಗಟ್ಟಿಯಾಗಬಲ್ಲಷ್ಟು ಆಗಲೇ ಗಟ್ಟಿಯಾಗಿಬಿಟ್ಟಿರುತ್ತದೆ. ಮೊದಲೇ ಬಡಿದು ಗಟ್ಟಿ ಮಾಡಿದ್ದ ಲೋಹವೂ, ಮಾಡದೆ ಬಿಟ್ಟಿದ್ದ ಲೋಹವೂ ಮೊದಲ ಕೆಲವು ಗ್ರಾಂ ಮರಳಿನೊಳಗೇ ಒಂದೇ ಸ್ಥಿತಿಗೆ ಬಂದು ನಿಲ್ಲುತ್ತವೆ. ಅಲ್ಲಿಂದಾಚೆ ಲೋಹದ ಬಾಳಿಕೆ ನಿಂತಿರುವುದು ಅದು ಎಷ್ಟು ಬಲವಾಗಿ ಪ್ರತಿರೋಧಿಸುತ್ತದೆ ಎಂಬುದರ ಮೇಲಲ್ಲ, ಮುರಿಯುವ ಮೊದಲು ಇನ್ನೆಷ್ಟು ಹರಡಿಕೊಳ್ಳಬಲ್ಲದು ಎಂಬುದರ ಮೇಲೆ. ಹದ ಕೊಟ್ಟಾಗ ಉಕ್ಕಿನ ಗಡಸುತನ ಏರುತ್ತದೆ, ಹರಡಿಕೊಳ್ಳುವ ಗುಣ ಇಳಿಯುತ್ತದೆ. ಒಂದು ಕೈಯಿಂದ ಪಡೆದದ್ದು ಇನ್ನೊಂದು ಕೈಯಿಂದ ಹೋಗುತ್ತದೆ.

ಇದರ ಜೊತೆಗೆ ಶಾಖದ ಮಾತೂ ಇದೆ. ಕಣದ ಶಕ್ತಿಯ ಬಹುಪಾಲು ಕೊನೆಗೆ ಬಿಸಿಯಾಗಿ ಪರಿಣಮಿಸುತ್ತದೆ. ಬಡಿತ ಮುಗಿಯುವ ಕ್ಷಣಾಂಶದಲ್ಲಿ ಆ ಬಿಸಿಗೆ ಸುತ್ತಲಿನ ಲೋಹಕ್ಕೆ ಹರಿದುಹೋಗಲು ಸಮಯ ಸಿಗುವುದಿಲ್ಲ. ಬಿಸಿಯಾದ ತೆಳು ಪಟ್ಟಿ ಮೆದುವಾಗುತ್ತದೆ, ಮೆದುವಾದದ್ದರಿಂದ ಮುಂದಿನ ಜರುಗುವಿಕೆಯೆಲ್ಲ ಅಲ್ಲಿಗೇ ನುಗ್ಗುತ್ತದೆ, ನುಗ್ಗಿದ್ದರಿಂದ ಮತ್ತಷ್ಟು ಬಿಸಿಯಾಗುತ್ತದೆ. ಹೀಗೆ ವಿರೂಪವೆಲ್ಲ ಒಂದೇ ಪಟ್ಟಿಯಲ್ಲಿ ಗುಂಪುಗೂಡಿ, ತುಟಿ ಅಲ್ಲಿಂದಲೇ ಹರಿದುಕೊಳ್ಳುತ್ತದೆ. ಈ ವಿಚಾರವನ್ನು ಗಣಿತಕ್ಕೆ ಇಳಿಸಿದವರಲ್ಲಿ ಜಿ. ಸುಂದರರಾಜನ್ ಅವರ ಹೆಸರು ಮುಖ್ಯವಾದುದು. 1983ರಲ್ಲಿ ಶ್ಯೂಮನ್ ಅವರೊಡನೆ ನೇರ ಬಡಿತದ ಕೊರೆತಕ್ಕೆ ಒಂದು ಮಾದರಿಯನ್ನು ಕೊಟ್ಟು, 1991ರಲ್ಲಿ ಅದನ್ನು ಎಲ್ಲ ಕೋನಗಳಿಗೂ ಹಿಗ್ಗಿಸಿದರು. ಆ ಬಗೆಯ ಲೆಕ್ಕದಲ್ಲಿ ಗಡಸುತನದ ಜೊತೆಗೆ ಲೋಹದ ಶಾಖಧಾರಣೆ, ಕರಗುವ ಉಷ್ಣತೆಯಂಥ ಗುಣಗಳಿಗೂ ಜಾಗವಿದೆ. ಶುದ್ಧ ಲೋಹಗಳಲ್ಲಿ ಗಡಸುತನಕ್ಕೂ ಕೊರೆತಕ್ಕೂ ಕಾಣುವ ಅಂದವಾದ ಸಂಬಂಧದ ಹಿಂದೆ ಇಂಥ ಮೂಲಗುಣಗಳ ಕೈವಾಡವೂ ಇರಬೇಕೆಂಬುದು ನನ್ನ ಅಭಿಪ್ರಾಯ. ಅವುಗಳನ್ನು ಹದ ಕೊಟ್ಟು ಬದಲಾಯಿಸಲು ಬರುವುದಿಲ್ಲ.

ಗಡಸುತನವೊಂದೇ ಸಾಲದು ಎಂಬುದಕ್ಕೆ ಕಣ್ಣೆದುರಿನ ಸಾಕ್ಷಿ ಬೇಕಾದವರು ಗಾಜಿನ ಮೇಲೆ ಮರಳು ಹಾರಿಸಿ ಚಿತ್ರ ಬಿಡಿಸುವ ಕೆಲಸವನ್ನು ನೋಡಬೇಕು. ಬೆಂಜಮಿನ್ ಟಿಲ್ಗ್‌ಮನ್ ಅವರು ಮರಳು ಹಾರಿಸುವ ಈ ವಿಧಾನಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1870ರಲ್ಲಿ. ಗಾಜಿನ ಮೇಲೆ ರಬ್ಬರಿನ ಹಾಳೆಯನ್ನು ಅಂಟಿಸಿ, ಚಿತ್ರ ಬರಬೇಕಾದಷ್ಟು ಭಾಗವನ್ನು ಕತ್ತರಿಸಿ ತೆಗೆದು, ಮರಳು ಹಾರಿಸುತ್ತಾರೆ. ಗಾಜು ಕೊರೆದುಹೋಗುತ್ತದೆ, ರಬ್ಬರ್ ಉಳಿಯುತ್ತದೆ. ಉಗುರಿನಿಂದ ಒತ್ತಿದರೆ ತಗ್ಗುವ ರಬ್ಬರ್, ಉಕ್ಕಿನ ಮೊಳೆಗೂ ಬಗ್ಗದ ಗಾಜಿಗಿಂತ ಹೆಚ್ಚು ತಾಳುವುದು ಹೇಗೆಂದರೆ, ಅದು ಕಣವನ್ನು ಎದುರಿಸುವುದೇ ಇಲ್ಲ. ತಗ್ಗಿ ಬರಮಾಡಿಕೊಂಡು, ಅದರ ಶಕ್ತಿಯಿಂದಲೇ ಅದನ್ನು ಹಿಂದಕ್ಕೆ ಕಳಿಸುತ್ತದೆ.

ಕಣದ ಬಗ್ಗೆ ಇನ್ನೆರಡು ಮಾತು. ಮೊನೆಯುಳ್ಳ ಕಣ ಗುಂಡನೆಯ ಕಣಕ್ಕಿಂತ ಹಲವು ಪಟ್ಟು ಹೆಚ್ಚು ಕೊರೆಯುತ್ತದೆ. ಗುಂಡುಕಣ ಉಳುವುದನ್ನು ಬಿಟ್ಟರೆ ಕತ್ತರಿಸುವುದು ಅಪರೂಪ. ಕಲ್ಲಿದ್ದಲಿನ ಬಾಯ್ಲರುಗಳ ಹಾರುಬೂದಿಯಲ್ಲಿ ಕರಗಿ ಗುಂಡಾದ ಗಾಜಿನ ಕಣಗಳೇ ಹೆಚ್ಚಾಗಿದ್ದರೂ, ಕರಗದೆ ಉಳಿದ ಕ್ವಾರ್ಟ್ಸ್ ಚೂರುಗಳೇ ಕೊಳವೆಗಳನ್ನು ಹೆಚ್ಚು ತಿನ್ನುವುದು ಇದರಿಂದ. ಗಾತ್ರದ ಮಾತಿಗೆ ಬಂದರೆ, ಸುಮಾರು 50ರಿಂದ 100 ಮೈಕ್ರಾನ್ ದಾಟಿದ ಮೇಲೆ ಒಂದು ಕಿಲೋಗ್ರಾಂ ಕಣ ಕೊರೆಯುವ ಲೋಹ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಅದಕ್ಕಿಂತ ಚಿಕ್ಕದಾದರೆ ಕೊರೆತ ವೇಗವಾಗಿ ಇಳಿಯುತ್ತದೆ.

ವೇಗದ ವಿಷಯದಲ್ಲಿ ನಾನು ಸ್ವಲ್ಪ ನಿಲ್ಲಲೇಬೇಕು, ಏಕೆಂದರೆ ನಮ್ಮ ಕೈಯಲ್ಲಿರುವ ಬಲವಾದ ಹಿಡಿಕೆ ಇದೇ. ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆಂದು ಶಾಲೆಯಲ್ಲಿ ಕಲಿತಿದ್ದೇವೆ. ಲೋಹಗಳ ಕೊರೆತ ಅದಕ್ಕೂ ಸ್ವಲ್ಪ ಹೆಚ್ಚಾಗಿ, ಸಾಮಾನ್ಯವಾಗಿ ವೇಗದ 2ರಿಂದ 2.5ರ ಘಾತದಂತೆ ಏರುತ್ತದೆ. ಘಾತ 2.4 ಎಂದಿಟ್ಟುಕೊಂಡರೆ, ವೇಗ ಇಮ್ಮಡಿಯಾದಾಗ ಕೊರೆತ ಐದು ಪಟ್ಟನ್ನು ಮೀರುತ್ತದೆ. ತಿರುಗಿಸಿ ನೋಡಿ: ವೇಗವನ್ನು ನೂರಕ್ಕೆ ಇಪ್ಪತ್ತರಷ್ಟು ತಗ್ಗಿಸಿದರೆ ಕೊರೆತ ನೂರಕ್ಕೆ ನಲವತ್ತರಷ್ಟು ತಗ್ಗುತ್ತದೆ. ಮೂರು ಪಟ್ಟು ಗಡಸಾದ ಉಕ್ಕು ಮಾಡಲಾಗದ ಕೆಲಸವನ್ನು ಒಂದು ವಾಲ್ವ್ ತಿರುಗಿಸಿ ಮಾಡಬಹುದು. ಗಾಳಿಯಿಂದ ಸಾಗಿಸುವ ಉದ್ದನೆಯ ಮಾರ್ಗಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮುಂದೆ ಸಾಗಿದಂತೆ ಒತ್ತಡ ಇಳಿದು ಗಾಳಿ ಹಿಗ್ಗುತ್ತದೆ; ಕೊಳವೆಯ ವ್ಯಾಸ ಅಷ್ಟೇ ಇದ್ದರೆ ವೇಗ ಏರುತ್ತ ಹೋಗುತ್ತದೆ. ಅದರಿಂದ ಎಲ್ಲಕ್ಕಿಂತ ಮೊದಲು ತೂತಾಗುವುದು ಮಾರ್ಗದ ಕೊನೆಯ ಬೆಂಡುಗಳು. ಈ ಹೋಳು ಕೂಡ ಕೊನೆಯಿಂದ ಎರಡನೆಯ ಬೆಂಡ್. ಮುಂದೆ ಹೋದಂತೆ ಹಂತಹಂತವಾಗಿ ದೊಡ್ಡ ವ್ಯಾಸದ ಕೊಳವೆ ಹಾಕುವುದು ಇದಕ್ಕೆ ತಕ್ಕ ಉಪಾಯ. ಆದರೆ ವೇಗಕ್ಕೆ ಕೆಳಮಿತಿಯೂ ಇದೆಯೆಂಬುದನ್ನು ಮರೆಯುವಂತಿಲ್ಲ: ಅದಕ್ಕಿಂತ ತಗ್ಗಿದರೆ ಮರಳು ಕೊಳವೆಯ ತಳದಲ್ಲಿ ಕೂತು ಮಾರ್ಗವೇ ಕಟ್ಟಿಕೊಳ್ಳುತ್ತದೆ.

ಹಾಗಾದರೆ ಗಡಸು ಮಿಶ್ರಲೋಹಗಳಿಂದ ಪ್ರಯೋಜನವೇ ಇಲ್ಲವೇ ಎಂದು ನೀವು ಕೇಳಬಹುದು. ಇದೆ, ಆದರೆ ಷರತ್ತುಗಳೊಡನೆ. ಕ್ರೋಮಿಯಂ ಹೆಚ್ಚಾಗಿರುವ ಬಿಳಿ ಎರಕದ ಕಬ್ಬಿಣದಲ್ಲಿ ಲೋಹದ ನಡುವೆ ಕ್ರೋಮಿಯಂ ಕಾರ್ಬೈಡಿನ ಗಟ್ಟಿ ಹರಳುಗಳು ಹುದುಗಿರುತ್ತವೆ. ಅವುಗಳ ಗಡಸುತನ ಸುಮಾರು 1200ರಿಂದ 1600. ಬರುವ ಕಣ ಕ್ವಾರ್ಟ್ಸ್ ಆಗಿದ್ದರೆ ಈ ಹರಳುಗಳು ಅದಕ್ಕಿಂತ ಗಟ್ಟಿ, ಆದ್ದರಿಂದ ತಡೆದು ನಿಲ್ಲುತ್ತವೆ. ಬರುವುದು 2000ದ ಆಸುಪಾಸಿನ ಅಲ್ಯುಮಿನಾ ಅಥವಾ ಅದಕ್ಕೂ ಗಡಸಾದ ಸಿಲಿಕಾನ್ ಕಾರ್ಬೈಡ್ ಆಗಿದ್ದರೆ, ಅದೇ ಹರಳುಗಳು ಬಿರಿದು ಉದುರುತ್ತವೆ. ಆಗ ಹರಳಿಲ್ಲದ ಸಾದಾ ಉಕ್ಕೇ ಮೇಲೆನಿಸುವುದೂ ಉಂಟು. ಹರಳಿನ ಗಾತ್ರಕ್ಕೂ ಕಣ ಒತ್ತುವ ಚುಕ್ಕೆಯ ಗಾತ್ರಕ್ಕೂ ಇರುವ ಸಂಬಂಧವೂ ಮುಖ್ಯ. ಕಣದ ಒತ್ತು ಹರಳಿಗಿಂತ ಚಿಕ್ಕದಾದರೆ, ಕಣ ಒಮ್ಮೆ ಹರಳನ್ನೂ ಒಮ್ಮೆ ನಡುವಣ ಮೆದು ಲೋಹವನ್ನೂ ಬೇರೆ ಬೇರೆಯಾಗಿ ಹೊಡೆಯುತ್ತದೆ: ಮೆದು ಲೋಹ ಮೊದಲು ಹೋಗಿ, ಆಸರೆ ತಪ್ಪಿದ ಹರಳು ಬಳಿಕ ಕಳಚುತ್ತದೆ. ಒತ್ತು ಹಲವು ಹರಳುಗಳನ್ನು ಒಟ್ಟಿಗೆ ಮುಚ್ಚುವಷ್ಟು ದೊಡ್ಡದಾದರೆ ಇಡೀ ಮಿಶ್ರಲೋಹ ಒಂದೇ ವಸ್ತುವಿನಂತೆ ಎದುರು ನಿಲ್ಲುತ್ತದೆ. ಟಂಗ್‌ಸ್ಟನ್ ಕಾರ್ಬೈಡ್ ಹರಳುಗಳನ್ನು ಕೋಬಾಲ್ಟ್ ಹಿಡಿದಿಟ್ಟುಕೊಂಡಿರುವ ವಸ್ತು ಸಣ್ಣ ಮರಳಿಗೆ ಅಷ್ಟು ಚೆನ್ನಾಗಿ ತಾಳುವುದು, ಅದರಲ್ಲಿ ಹರಳುಗಳು ಸಣ್ಣವೂ ಒತ್ತೊತ್ತಾಗಿಯೂ ಇರುವುದರಿಂದ. ಕೋನವನ್ನೂ ಮರೆಯಬಾರದು. ಪೆಡಸಾದ ಸೆರಾಮಿಕ್ ಒಳಪದರ ಓರೆ ಬಡಿತಕ್ಕೆ ಅತ್ಯುತ್ತಮ ರಕ್ಷೆ. ಅದನ್ನೇ ನೇರ ಬಡಿತದ ಜಾಗದಲ್ಲಿ ಕೂರಿಸಿದರೆ ಒಡೆದು ಬೀಳುತ್ತದೆ.

ಬಿಸಿಯಾದ ಜಾಗಗಳಲ್ಲಿ ಇನ್ನೊಂದು ತೊಡಕು ಸೇರುತ್ತದೆ. ಉಗಿ ಟರ್ಬೈನುಗಳಲ್ಲಿ ಕೊರೆಯುವ ಕಣ ಹೊರಗಿನಿಂದ ಬರುವುದಿಲ್ಲ. ಬಾಯ್ಲರ್ ಕೊಳವೆಗಳ ಒಳಮೈಯಲ್ಲಿ ವರ್ಷಗಟ್ಟಲೆ ಬೆಳೆದ ಕಬ್ಬಿಣದ ಆಕ್ಸೈಡಿನ ಪದರ, ಯಂತ್ರ ನಿಲ್ಲಿಸಿ ಮತ್ತೆ ಹೊತ್ತಿಸಿದಾಗ ಹೊಪ್ಪಳೆಯಾಗಿ ಎದ್ದು, ಉಗಿಯೊಡನೆ ಹಾರಿ ಟರ್ಬೈನಿನ ಮೊದಲ ಸಾಲಿನ ಅಲಗುಗಳಿಗೆ ಬಡಿಯುತ್ತದೆ. ಬಡಿಸಿಕೊಳ್ಳುವ ಲೋಹದ ಮೇಲೂ ಆಕ್ಸೈಡ್ ಬೆಳೆಯುತ್ತಿರುತ್ತದೆ. ಆ ಪದರ ತೆಳುವಾಗಿ ಅಂಟಿಕೊಂಡಿದ್ದರೆ ಕವಚವಾಗುತ್ತದೆ, ಪ್ರತಿ ಬಡಿತಕ್ಕೂ ಉದುರಿ ಮತ್ತೆ ಬೆಳೆಯುತ್ತಿದ್ದರೆ ಲೋಹ ಎರಡು ದಾರಿಗಳಿಂದ ಖರ್ಚಾಗುತ್ತದೆ. ವಿಮಾನಗಳ ಎಂಜಿನ್ನಿಗೂ ಇಂಥ ಕಷ್ಟಗಳಿವೆ. 1982ರ ಜೂನ್ 24ರಂದು ಜಾವಾದ ಗಲುಂಗುಂಗ್ ಜ್ವಾಲಾಮುಖಿಯ ಬೂದಿಮೋಡದೊಳಗೆ ಹೊಕ್ಕ ಬೋಯಿಂಗ್ 747 ಒಂದರ ನಾಲ್ಕೂ ಎಂಜಿನ್ನುಗಳು ನಿಂತು, ಬೂದಿಯಿಂದ ಹೊರಬಂದ ಮೇಲೆ ಮತ್ತೆ ಹೊತ್ತಿಕೊಂಡವು. ಎಂಜಿನ್ ನಿಂತದ್ದಕ್ಕೆ ಒಳಗೆ ಕರಗಿ ಅಂಟಿದ ಬೂದಿ ಮುಖ್ಯ ಕಾರಣ. ಆದರೆ ವಿಮಾನದ ಮುಂಗಾಜು ಮಾತ್ರ ಶುದ್ಧ ಕೊರೆತಕ್ಕೆ ಬಲಿಯಾಗಿತ್ತು. ಜಕಾರ್ತದಲ್ಲಿ ಇಳಿಯುವಾಗ ಚಾಲಕರಿಗೆ ಅದರ ಮೂಲಕ ರನ್‌ವೇ ಸರಿಯಾಗಿ ಕಾಣುತ್ತಿರಲಿಲ್ಲ. ಮರುಭೂಮಿಯಲ್ಲಿ ರಾತ್ರಿ ಇಳಿಯುವ ಹೆಲಿಕಾಪ್ಟರಿನ ರೆಕ್ಕೆಗಳ ಸುತ್ತ ಕೆಲವೊಮ್ಮೆ ಕಿಡಿಗಳ ಬಳೆ ಹೊಳೆಯುವುದೂ ಕೊರೆತದಿಂದಲೇ: ರೆಕ್ಕೆಯ ಮುಂಚೂಣಿಗೆ ಹೊದಿಸಿದ ಟೈಟೇನಿಯಂ ಅಥವಾ ನಿಕ್ಕಲ್ ಪಟ್ಟಿಯಿಂದ ಮರಳು ಕಿತ್ತ ಚೂರುಗಳು ಗಾಳಿಯಲ್ಲಿ ಉರಿಯುತ್ತವೆ.

ಪ್ರಯೋಗಶಾಲೆಯ ಅಂಕಿಗಳನ್ನು ಓದುವವರಿಗೆ ಒಂದು ಎಚ್ಚರಿಕೆ ಹೇಳುವುದು ನನ್ನ ಕರ್ತವ್ಯ. ವಸ್ತುಪರೀಕ್ಷೆಗಳಿಗೆ ಮಾನದಂಡ ಗೊತ್ತುಮಾಡುವ ಎಎಸ್‌ಟಿಎಂ ಸಂಸ್ಥೆಯ ಜಿ76 ಎಂಬ ಪರೀಕ್ಷಾ ಮಾನದಂಡ ಬಹಳ ಬಳಕೆಯಲ್ಲಿದೆ. ಒಂದೂವರೆ ಮಿಲಿಮೀಟರ್ ಒಳವ್ಯಾಸದ ನಾಜಲ್, 50 ಮೈಕ್ರಾನಿನ ಮೊನೆಯುಳ್ಳ ಅಲ್ಯುಮಿನಾ, ಸೆಕೆಂಡಿಗೆ 30 ಮೀಟರ್ ವೇಗ, ನಿಮಿಷಕ್ಕೆ 2 ಗ್ರಾಂ ಕಣ, 10 ಮಿಲಿಮೀಟರ್ ದೂರ, 90 ಡಿಗ್ರಿ ಕೋನ. ಪ್ರಯೋಗಾಲಯಗಳು ಒಂದರ ಫಲಿತಾಂಶವನ್ನು ಇನ್ನೊಂದರೊಡನೆ ಹೋಲಿಸಲು ಇದು ಒಳ್ಳೆಯ ಅಳತೆಗೋಲು. ಆದರೆ ನಮ್ಮ ಬೆಂಡಿನಲ್ಲಿ ಕಣ ಅಲ್ಯುಮಿನಾ ಅಲ್ಲ, ಕೋನ 90 ಅಲ್ಲ. ಜಿ76ರಲ್ಲಿ ಮೊದಲ ಸ್ಥಾನ ಪಡೆದ ಮಿಶ್ರಲೋಹ 25 ಡಿಗ್ರಿಯ ಕ್ವಾರ್ಟ್ಸ್ ಎದುರು ಹಿಂದೆ ಬೀಳಬಹುದು, ಹಿಂದೆ ಬಿದ್ದದ್ದು ಮುಂದೆ ಬರಬಹುದು. ಗಾಳಿಯ ವೇಗವನ್ನೇ ಕಣದ ವೇಗವೆಂದು ಬರೆದುಕೊಳ್ಳುವ ತಪ್ಪೂ ಆಗಾಗ ನಡೆಯುತ್ತದೆ. ಕಣ ಸಾಮಾನ್ಯವಾಗಿ ಗಾಳಿಗಿಂತ ಹಿಂದಿರುತ್ತದೆ. ಅದನ್ನು ಅಳೆಯಲು ರಫ್ ಮತ್ತು ಐವ್ಸ್ ಅವರು 1975ರಲ್ಲಿ ವಿವರಿಸಿದ ಉಪಾಯ ತುಂಬ ಸೊಗಸಾದದ್ದು. ಒಂದೇ ಅಚ್ಚಿಗೆ ಎರಡು ತಟ್ಟೆಗಳನ್ನು ಕೂರಿಸಿ, ಮೊದಲನೆಯದರಲ್ಲಿ ಒಂದು ಸೀಳು ಬಿಟ್ಟು, ತಿರುಗಿಸುತ್ತ ಕಣಗಳನ್ನು ಹಾರಿಸುತ್ತಾರೆ. ಸೀಳಿನಿಂದ ನುಸುಳಿದ ಕಣ ಎರಡನೆಯ ತಟ್ಟೆಯನ್ನು ಮುಟ್ಟುವಷ್ಟರಲ್ಲಿ ತಟ್ಟೆ ಕೊಂಚ ತಿರುಗಿರುತ್ತದೆ; ಗುರುತು ಎಷ್ಟು ಸರಿದಿದೆ ಎಂಬುದೇ ವೇಗವನ್ನು ಹೇಳುತ್ತದೆ. ನೇರ ಬಡಿತದ ಪರೀಕ್ಷೆಯಲ್ಲಿ ಇನ್ನೊಂದು ವಿಚಿತ್ರವನ್ನೂ ಕಾಣಬಹುದು. ಮೆದು ಲೋಹದ ತುಂಡಿನ ತೂಕ ಮೊದಲ ಕೆಲವು ನಿಮಿಷ ಇಳಿಯುವ ಬದಲು ಏರುತ್ತದೆ, ಏಕೆಂದರೆ ಒಡೆದ ಕಣಗಳ ಚೂರುಗಳು ಅದರೊಳಗೆ ನಾಟಿಕೊಳ್ಳುತ್ತವೆ. ಆಗ ಪರೀಕ್ಷೆ ನಿಲ್ಲಿಸಿದವರು, ಈ ಲೋಹ ಸವೆಯುವುದೇ ಇಲ್ಲವೆಂದು ತೀರ್ಮಾನಿಸಿಬಿಟ್ಟಾರು.

ಕೊನೆಗೆ ಆ ಮಾರ್ಗದಲ್ಲಿ ಏನು ಮಾಡಿದೆವೆಂದು ಹೇಳುತ್ತೇನೆ. ಗಾಳಿಯ ವೇಗವನ್ನು ಮರಳು ಕೂರದಿರುವ ಮಿತಿಯವರೆಗೆ ಇಳಿಸಿದೆವು, ಕೊನೆಯ ಭಾಗಕ್ಕೆ ಒಂದು ಅಳತೆ ದೊಡ್ಡ ಕೊಳವೆ ಹಾಕಿದೆವು, ಬೆಂಡ್ ಇದ್ದ ಜಾಗದಲ್ಲಿ ಒಂದು ಬಾಯಿ ಮುಚ್ಚಿದ ಟೀ, ಎಂದರೆ ಇಂಗ್ಲಿಷಿನ T ಅಕ್ಷರದ ಆಕಾರದ ಮೂರು ಬಾಯಿಯ ಕೊಳವೆ, ಕೂರಿಸಿದೆವು. ಉಕ್ಕು ಮೊದಲಿನ ಮೆದು ಉಕ್ಕೇ. ನೇರವಾಗಿ ಬಂದ ಮರಳು ಟೀಯ ಮುಚ್ಚಿದ ತುದಿಯಲ್ಲಿ ತುಂಬಿಕೊಂಡು ನಿಲ್ಲುತ್ತದೆ. ಹಿಂದಿನಿಂದ ಬರುವ ಕಣಗಳು ಆ ರಾಶಿಗೆ ಬಡಿದು ತಿರುಗುತ್ತವೆ. ಇದರಿಂದ ಒತ್ತಡ ಸ್ವಲ್ಪ ಹೆಚ್ಚು ನಷ್ಟವಾಗುತ್ತದೆ, ಸುಲಭವಾಗಿ ಪುಡಿಯಾಗುವ ವಸ್ತುಗಳಿಗೆ ಇದು ಹೊಂದುವುದಿಲ್ಲ. ಮರಳಿಗೆ ಆ ಚಿಂತೆಯಿಲ್ಲ. ಬೆಂಡಿನ ಪಕ್ಕದಲ್ಲಿ ಇಟ್ಟಿರುವುದು ಆ ಟೀಯ ಮುಚ್ಚಳ. ಬೆಂಡುಗಳು ಬಾಳುತ್ತಿದ್ದುದಕ್ಕಿಂತ ಬಹಳ ಹೆಚ್ಚು ಕಾಲ ಕೆಲಸ ಮಾಡಿದ ಮೇಲೆ ಬಿಚ್ಚಿ ತಂದದ್ದು. ಹತ್ತಿರ ಬಂದು ಕೈಯಲ್ಲಿ ಹಿಡಿದು ನೋಡಿ: ಒಳಮೈಯಲ್ಲಿ ಗಟ್ಟಿಯಾಗಿ ಕಚ್ಚಿಕೊಂಡ ಮರಳಿನ ಪದರವಿದೆ, ಅದನ್ನು ಕೆರೆದ ಜಾಗದಲ್ಲಿ ಯಂತ್ರದ ಉಳಿ ಮೊದಲ ದಿನ ಬಿಟ್ಟ ವೃತ್ತಾಕಾರದ ಗೆರೆಗಳು ಇನ್ನೂ ಅಳಿಸದೆ ಕಾಣುತ್ತಿವೆ.